ವರ್ನಾ ಕಂಡ ಮೌನ

ವರ್ನಾ ಪಾವ್ಲಿಕ್ ಹುಟ್ಟಿನಿಂದ ಅನುಮಾನದವಳಲ್ಲ. ಬೇಸ್‌ಬಾಲ್ ಆಡುವವನನ್ನು ಕಟ್ಟಿಕೊಂಡ ಮೇಲೆ ಹಾಗಾದಳು. ಗಂಡ ಎಮಿಲ್ ಸಣ್ಣ ಊರುಗಳ ತಂಡಗಳಿಗೆ ಸಂಬಳಕ್ಕೆ ಚೆಂಡೆಸೆಯುವ ಪಿಚರ್. ಮೂರು ಊರುಗಳಲ್ಲಿ ಅವನನ್ನು ತಂಡದಿಂದ ತೆಗೆದಿದ್ದರು. ಮೂರು ಸಲವೂ ಸುದ್ದಿ ಊರೆಲ್ಲ ಸುತ್ತಿ ಕೊನೆಗೆ ಅವಳ ಕಿವಿಗೆ ಬಿದ್ದಿತ್ತು. ಒಮ್ಮೆಯಂತೂ ಮನೆಯ ಮಾಲೀಕ ಬಂದು ಬೀಗದಕೈ ಕೇಳಿದಾಗಲೇ ಅವಳಿಗೆ ಗೊತ್ತಾದದ್ದು. ಅಂದಿನಿಂದ ಯಾರಾದರೂ ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದೇ ಅವಳ ಪಾಡಾಯಿತು.

ಪೆನ್ಸಿಲ್ವೇನಿಯಾದ ಈ ಉಕ್ಕಿನ ಕಾರ್ಖಾನೆಯ ಊರು ನಾಲ್ಕನೆಯದು. ಮಗಳು ಕೊನೆಗೂ ಒಂದು ಶಾಲೆಯಲ್ಲಿ ನೆಲೆಯೂರಿದ್ದಳು. ಎಮಿಲ್‌ಗೆ ಮೂವತ್ತೇಳು. ಇಲ್ಲಿಂದಲೂ ತೆಗೆದರೆ ಆ ವಯಸ್ಸಿನ ತೋಳನ್ನು ಮತ್ತಾವ ತಂಡವೂ ಕೇಳುವಂತಿರಲಿಲ್ಲ.

ಆ ಭಾನುವಾರ ವೃದ್ಧಾಶ್ರಮದ ಅಡುಗೆಮನೆಯ ಕೆಲಸ ಮುಗಿಸಿ ಅವಳು ಮೈದಾನ ಸೇರುವಷ್ಟರಲ್ಲಿ ಆಟ ಮುಗಿಯುತ್ತ ಬಂದಿತ್ತು. ಸದಾ ಕೀಟಲೆ ಮಾಡುವ ಗೇಟಿನ ಮುದುಕ ಇಂದು ಅವಳನ್ನು ಕಂಡು ಮುಖ ತಿರುಗಿಸಿದ. ಆಟಗಾರರ ಹೆಂಡತಿಯರ ಸಾಲಿನಲ್ಲಿ ಕೂತರೆ, ಎಮಿಲ್ ಎಸೆದ ಚೆಂಡು ಹಿಡಿಯುವ ಕ್ಯಾಚರ್‌ನ ಹೆಂಡತಿ ಜೋಲೀನ್, ಬಾಯಿಗೆ ಬೀಗವೇ ಇಲ್ಲದವಳು, ಕಡಲೆಕಾಯಿ ಪೊಟ್ಟಣ ಎತ್ತಿಕೊಂಡು ಆಚೆ ಸರಿದಳು. ಸ್ಕೋರ್‌ಬೋರ್ಡು ಆ ಸಾಲಿನ ಹಿಂದೆ, ನೆತ್ತಿಯ ಮೇಲಿತ್ತು, ಕೂತವರಿಗೆ ಕಾಣದು. ವರ್ನಾಗೆ ಕಂಡದ್ದು ಕೆಳಗಿನ ಆಟಗಾರರ ಬೆಂಚು. ಒಂದು ತುದಿಯಲ್ಲಿ ಎಮಿಲ್ ಒಬ್ಬನೇ. ಉಳಿದವರೆಲ್ಲ ಇನ್ನೊಂದು ತುದಿಯಲ್ಲಿ ಒತ್ತಿಕೊಂಡು ಕೂತಿದ್ದರು. ಒಬ್ಬನೂ ಅವನತ್ತ ನೋಡುತ್ತಿರಲಿಲ್ಲ.

ವರ್ನಾ ಎದ್ದು ಜೋಲೀನ್‌ಳ ಪಕ್ಕಕ್ಕೇ ಹೋಗಿ ಕೂತಳು.

"ಜೋಲೀನ್, ನಿಜ ಹೇಳೇ. ಎಮಿಲ್‌ನ ತೆಗೆದ್ರಾ?"

"ಶ್! ಸುಮ್ನೆ ಕೂತ್ಕೊಳ್ಳೇ ಮಾರಾಯ್ತಿ, ನನ್ನ ಬಾಯಿ ಬಿಡಿಸ್ಬೇಡ."

"ಅಂದ್ರೆ ಏನೋ ಇದೆ!"

"ಇದೆ. ಹೇಳೋ ಹಾಗಿಲ್ಲ."

ಅಷ್ಟು ಸಾಕಾಯಿತು. ವರ್ನಾ ದಡದಡನೆ ಇಳಿದು, ಬೆಂಚಿನ ಹಿಂದಿನ ತಂತಿಬೇಲಿ ಹಿಡಿದು ಕೂಗಿಯೇಬಿಟ್ಟಳು.

"ಎಮಿಲ್! ನಿನ್ನನ್ನ ತೆಗೆದ್ರಂತಾ?"

ಬೆಂಚಿಗೆ ಬೆಂಚೇ ಬೆಚ್ಚಿತು. ತಂಡ ನಡೆಸುವ ಕ್ರೀಗರ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಎಮಿಲ್ ಮಾತ್ರ ಬಿದ್ದು ಬಿದ್ದು ನಕ್ಕ.

"ಹುಚ್ಚಿ! ಇವತ್ತು ನನ್ನ ಚೆಂಡಿಗೆ ಎದುರು ತಂಡದ ಒಬ್ಬನೂ ಒಂದು ಸರಿಯಾದ ಹೊಡೆತ ಹೊಡೆದಿಲ್ಲ ಕಣೇ. ಅದಕ್ಕೇ ಎಲ್ರೂ ಮೂಗರಾಗಿದ್ದಾರೆ."

ಅಂಥ ಆಟದ ನಡುವೆ ಅದರ ಮಾತೆತ್ತಿದರೆ, ಪಿಚರ್‌ನನ್ನು ಮಾತಾಡಿಸಿದರೆ ಕೆಟ್ಟದಾಗುತ್ತದೆಂದು ಬೇಸ್‌ಬಾಲ್‌ನವರೆಲ್ಲ ನಂಬುತ್ತಾರೆ. ವರ್ನಾಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಎಮಿಲ್‌ನ ಸುತ್ತ ಆ ಮೌನ ಕವಿದದ್ದೇ ಇಲ್ಲ. ಅವಳು ಇದುವರೆಗೆ ಕಂಡದ್ದು ಅವನನ್ನು ತೆಗೆದಾಗಿನ ಮೌನವೊಂದೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು, ಬೆನ್ನಿಗೇ ಸಂತೋಷ ಉಕ್ಕಿತು.

ಎಮಿಲ್ ಕೊನೆಯ ಇನ್ನಿಂಗ್ಸ್‌ಗೆ ಎದ್ದು ಹೋದ. ಮೊದಲ ಬ್ಯಾಟುಗಾರ ಬ್ಯಾಟು ಎತ್ತಲೂ ಮರೆತು ಮೂರು ಚೆಂಡಿಗೂ ಕಂಬದಂತೆ ನಿಂತು ಔಟಾದ. ಎರಡನೆಯವನು ಮೂರು ಸಲ ಬರೀ ಗಾಳಿಗೆ ಬ್ಯಾಟು ಬೀಸಿ ಔಟಾದ. ಮೂರನೆಯವನ ಬ್ಯಾಟಿಗೆ ತಾಗಿದ ಚೆಂಡು ಕುಂಟುತ್ತ ಎಮಿಲ್‌ನ ಕಾಲಬಳಿಯೇ ಬಂತು. ಎತ್ತಿ ಜೊತೆಗಾರನಿಗೆ ಎಸೆದ, ಅವನೂ ಔಟ್, ಆಟ ಮುಗಿಯಿತು. ಗೆಲುವು ಒಂದು–ಸೊನ್ನೆ. ಮೂಗರಾಗಿದ್ದವರೆಲ್ಲ ಒಮ್ಮೆಲೇ ಅರಚುತ್ತ ಅವನ ಮೇಲೆ ಬಿದ್ದರು.

ಕ್ರೀಗರ್ ಮಾತ್ರ ದೂರ ನಿಂತು ಅಳುತ್ತಿದ್ದ. ಸಂತೋಷಕ್ಕೆ ಯಾರಾದರೂ ಹಾಗೆ ತಲೆ ತಗ್ಗಿಸಿ ಅಳುತ್ತಾರೆಯೇ? ಎಮಿಲ್ ಬೇಲಿ ದಾಟಿ ಬಂದಾಗ ವರ್ನಾ ಅಪ್ಪಿಕೊಳ್ಳಲಿಲ್ಲ.

"ಅವನ್ಯಾಕೆ ಅಳ್ತಿದ್ದಾನೆ?"

ಎಮಿಲ್ ಬೆವರು ಒರೆಸಿಕೊಂಡ. "ಬೆಳಿಗ್ಗೆನೇ ಹೇಳಿದ. ನಾಳೆಯಿಂದ ನನ್ನ ಜಾಗಕ್ಕೆ ಬೇರೆಯವನು. ಇದೊಂದು ಆಟ ಕೊಡು ಅಂತ ನಾನೇ ಕೇಳ್ಕೊಂಡೆ."

"ಹೀಗೆ ಆಡಿದ್ಮೇಲೂನಾ?"

"ಮೇಲಿನವರ ತೀರ್ಮಾನ. ಅವನ ಕೈಲಿಲ್ಲ."

"ನಾನು ಕೇಳಿದ್ರೆ ನಕ್ಕೆಯಲ್ಲೋ ಪಾಪಿ!"

"ಹೇಳಿದ್ರೆ ನೀನು ಆಟ ನೋಡ್ತಿರ್ಲಿಲ್ಲ. ಮನೆಗೆ ಓಡಿ ಪಾತ್ರೆ ಕಟ್ಟೋಕೆ ಕೂರ್ತಿದ್ದೆ. ಒಂದ್ಸಲನಾದ್ರೂ ನೋಡ್ಲಿ ಅಂತ."

ಅದು ನಿಜವೇ. ಅವನ ಎದೆಗೆ ಎರಡು ಗುದ್ದಿ, ಅಲ್ಲೇ ಮುಖ ಹುದುಗಿಸಿ ಅತ್ತಳು. ಜೋಲೀನ್ ಕುಣಿಯುತ್ತ ಬಂದವಳು ಗಾಬರಿಯಾದಳು.

"ಏನೇ ಆಯ್ತು?"

"ಏನೂ ಇಲ್ಲ ಕಣೇ," ಎಂದಳು ವರ್ನಾ, ಮೂಗು ಒರೆಸಿಕೊಳ್ಳುತ್ತ. "ಗೆದ್ವಲ್ಲ, ಅದಕ್ಕೆ."