ಪರಸೋಂ ಬರುವ ಗಾಡಿ

ಮಾಳಿಗೆಯ ಕೋಣೆಯನ್ನು ಯಾರೋ ಹುಡುಗಿಗೆ ಬಾಡಿಗೆಗೆ ಕೊಟ್ಟೆನೆಂದು ಅಬ್ಬಾ ಹೇಳಿದ ದಿನವೇ ನಾನು ಜಗಳ ತೆಗೆದಿದ್ದೆ. ಬೀದರದಿಂದ ಔರಾದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ದಿನವೆಲ್ಲ ಶಾಲೆಯ ಗಂಟೆ, ಬಸ್ಸಿನ ಹಾರ್ನು, ಮಕ್ಕಳ ಗಲಾಟೆ. ಮನೆಗೆ ಬಂದ ಮೇಲಾದರೂ ಕಿವಿಗೆ ಸ್ವಲ್ಪ ಪುರಸೊತ್ತು ಬೇಡವೇ? ಅಬ್ಬಾ ಎಂದಿನಂತೆ "ಹೂಂ, ಅಂಬರೀನ, ಹೂಂ" ಎಂದು, ಕೀಲಿಕೈಯನ್ನು ಆ ಹುಡುಗಿಗೇ ಕೊಟ್ಟರು.

ಬಂದವಳು ಸುವರ್ಣಾ. ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯವಳು. ಬೀದರದ ಒಂದು ಕಾಲೇಜಿನಲ್ಲಿ ಅನಿಮೇಷನ್ ಕಲಿಯುತ್ತಿದ್ದಳು. ಕೂತಲ್ಲಿ ಕೂಡುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅವಳ ಜೊತೆಗೆ ಅವಳ ಮೊಬೈಲಿನ ಅಲಾರಾಂಗಳೂ ನಮ್ಮ ಮನೆ ಹೊಕ್ಕವು. ಏಳಲಿಕ್ಕೆ ಒಂದು, ಚಿತ್ರ ಬಿಡಿಸಲು ಕೂಡಲಿಕ್ಕೆ ಒಂದು, ಕಣ್ಣಿಗೆ ನೀರು ಹಾಕಿಕೊಳ್ಳಲಿಕ್ಕೆ ಒಂದು, ಊಟಕ್ಕೆ ಒಂದು, ಊಟ ಮುಗಿಸಲಿಕ್ಕೆ ಇನ್ನೊಂದು. ಪ್ರತಿಯೊಂದಕ್ಕೂ ಬೇರೆ ಸದ್ದು. ಒಂದು ಕೋಳಿಯಂತೆ ಕೂಗಿದರೆ ಒಂದು ಕಾರಿನಂತೆ ಹಾರ್ನು ಹೊಡೆಯುತ್ತಿತ್ತು. ಕೋಳಿ ಕೂಗಿದಾಗೆಲ್ಲ ದಾದಿ ಮಂಚದಿಂದಿಳಿದು ಅಂಗಳಕ್ಕೆ ಹೋಗಿ ಹುಡುಕುತ್ತಿದ್ದಳು.

ದಾದಿ ಎಂದರೆ ಕನ್ನಡ ಪುಸ್ತಕದಲ್ಲಿ ಆಸ್ಪತ್ರೆಯ ನರ್ಸು. ನಮ್ಮ ಮನೆಯಲ್ಲಿ ಅಬ್ಬಾನ ತಾಯಿ, ಮರಿಯಮಬೀ. ಒಂದೇ ಶಬ್ದ ಒಂದೊಂದು ಮನೆಯಲ್ಲಿ ಒಂದೊಂದು ಅರ್ಥ ಕೊಡುತ್ತದೆ ಎಂದು ನಾನು ತರಗತಿಯಲ್ಲಿ ಈ ಉದಾಹರಣೆಯನ್ನೇ ಹೇಳುತ್ತೇನೆ. ಮಕ್ಕಳು ನಗುತ್ತಾರೆ.

ಒಂದು ವಾರ ತಡೆದೆ. ಎಂಟನೆಯ ದಿನ ಸರಸರನೆ ಮೆಟ್ಟಿಲು ಹತ್ತಿ ಹೋಗಿ ಕೇಳಿಯೇಬಿಟ್ಟೆ.

"ಏ ಹುಡುಗಿ, ಇದು ಮನಿನೋ, ಫ್ಯಾಕ್ಟ್ರಿನೋ? ಎಷ್ಟ ಸಲ ಭೋಂಗಾ ಹೊಡಸ್ತಿ?"

ಅವಳು ಕೈಯಲ್ಲಿದ್ದ ಪೆನ್ನನ್ನು ಕೆಳಗಿಡಲಿಲ್ಲ. "ತಪ್ಪಾಯ್ತ್ರಿ ಅಕ್ಕಾ. ಆದ್ರ ನಾ ಗಿರಣಿ ಮನಿಯಾಕಿರಿ. ನಮ್ಮಪ್ಪಂದು ಹಿಟ್ಟಿನ ಗಿರಣಿ ಅದ. ಕರೆಂಟ್ ಇದ್ದಾಗ ಬೀಸಿಬಿಡಬೇಕ್ರಿ. ಹೋದಮ್ಯಾಗ ಬಾಯಿ ಬಿಟ್ಟುಕೊಂಡು ಕುಂತ್ರ ಏನ್ ಬಂತು?"

ಆಮೇಲೆ ತನ್ನ ಪಾಡು ಹೇಳಿಕೊಂಡಳು. ಕೊನೆಯ ವರ್ಷಕ್ಕೆ ಒಂದು ಸಣ್ಣ ಸಿನಿಮಾವನ್ನು ಒಬ್ಬಳೇ ಮಾಡಿ ಒಪ್ಪಿಸಬೇಕು. ಕತೆ, ಚಿತ್ರ, ಬಣ್ಣ, ದನಿ, ಜೋಡಣೆ ಎಲ್ಲ ಅವಳದೇ. ಕಣ್ಣು ಮಿಟುಕಿಸುವುದನ್ನು ತೋರಿಸಬೇಕಾದರೂ ನಾಲ್ಕೈದು ಚಿತ್ರ ಬಿಡಿಸಬೇಕಂತೆ. ಹೋದ ವರ್ಷ ಅರ್ಧ ಮಾಡಿ ಕಂಡಕಂಡವರಿಗೆ ತೋರಿಸಿದ್ದಾಳೆ. ಒಬ್ಬರು ಮೂಗು ದೊಡ್ಡದಾಯ್ತು ಎಂದರು, ಇನ್ನೊಬ್ಬರು ಬಣ್ಣ ಸರಿಯಿಲ್ಲ ಎಂದರು, ಇವಳು ತಿದ್ದಿದಳು, ತಿದ್ದಿದಳು, ಕೊನೆಯ ದಿನ ಬಂದಾಗ ಸಿನಿಮಾ ಅರ್ಧವೇ ಇತ್ತು. ಫೇಲು. ಈ ವರ್ಷ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಇದೂ ತಪ್ಪಿದರೆ ಕಾಲೇಜು ಬಿಟ್ಟು ಚೀಲ ಕಟ್ಟಬೇಕು.

"ಅದಕ್ಕ ಈ ಸಲ ಮುಗಿಯೂತನಕ ಯಾರಿಗೂ ತೋರ್ಸಂಗಿಲ್ರಿ," ಎಂದಳು. ಗೋಡೆಯ ತುಂಬ ಬಣ್ಣಬಣ್ಣದ ಟೈಮ್‌ಟೇಬಲ್ ಅಂಟಿಸಿದ್ದಳು. ಮೊದಲು ದನಿ ರೆಕಾರ್ಡ್ ಮಾಡಬೇಕು, ಆ ದನಿಗೆ ತಕ್ಕಂತೆ ಬಾಯಿ ಬಿಡಿಸಬೇಕು, ಆಮೇಲೆ ಬಣ್ಣ. ದನಿಯ ಕೆಲಸದ ಮೇಲೆ ಆಗಲೇ ಗೀಟು ಬಿದ್ದಿತ್ತು.

"ಯಾರ ದನಿ?" ಎಂದೆ.

"ದಾದೀದ್ರಿ. ನೀವು ಔರಾದಕ್ಕ ಹೋದಾಗ ಒಂದು ಕತಿ ಹೇಳಿದ್ರು. ಭಾಳ ಚಂದ ಅದ."

ದಾದಿಯ ಬಳಿ ಕತೆಗಳಿಗೇನು ಬರ. ಯಾವುದೋ ದೆವ್ವದ್ದೋ ಮೊಲದ್ದೋ ಇರಬೇಕೆಂದು ನಾನು ಮುಂದೆ ಕೇಳಲಿಲ್ಲ. ಕೋಳಿಯ ಸದ್ದು ಮಾತ್ರ ತೆಗೆಸಿದೆ.

ಆಮೇಲಿನ ತಿಂಗಳುಗಳಲ್ಲಿ ಅವಳ ತಳಮಳ ನಮಗೆಲ್ಲ ಅಂಟಿತು. ಊಟಕ್ಕೆ ಕರೆದರೆ ತಟ್ಟೆ ಹಿಡಿದುಕೊಂಡೇ ಮೇಲೆ ಓಡುವಳು. ನಿಂತು ಚಹಾ ಕುಡಿದು ನಾಲಿಗೆ ಸುಟ್ಟುಕೊಳ್ಳುವಳು. ಒಂದು ಕೆಲಸಕ್ಕೆ ತಡವಾದರೆ ಮುಂದಿನ ಎಲ್ಲ ಕೆಲಸದ ಹೊತ್ತನ್ನೂ ಬದಲಿಸಿ ಗೋಡೆಗೆ ಹೊಸ ಕಾಗದ ಅಂಟಿಸುವಳು. ಆ ಕಾಗದ ಬರೆಯುವುದರಲ್ಲೇ ಅರ್ಧ ದಿನ ಹೋಯಿತೆಂದು ಮತ್ತೆ ಕಣ್ಣೀರು. ನಾನು ಬೈಯುತ್ತಿದ್ದೆ, ಅವಳು "ಹೌದ್ರಿ ಅಕ್ಕಾ" ಎನ್ನುತ್ತಿದ್ದಳು, ಅಷ್ಟರಲ್ಲಿ ಹಾರ್ನು ಹೊಡೆಯುತ್ತಿತ್ತು.

ಒಮ್ಮೆ ಅವಳ ಅಪ್ಪ ಹಾವಗೆಪ್ಪನವರು ಜೋಳದ ಹಿಟ್ಟಿನ ಚೀಲ ಹೊತ್ತು ಊರಿಂದ ಬಂದರು. ಚಿತ್ರದ ಹೊತ್ತು ಮುಗಿಯುವವರೆಗೆ ಬಾಗಿಲು ತೆರೆಯುವುದಿಲ್ಲವೆಂದು ಮಗಳು ಒಳಗಿಂದಲೇ ಕೂಗಿದಳು. ಪಾಪ, ಆ ಮನುಷ್ಯ ಮೆಟ್ಟಿಲ ಮೇಲೆ ಕೂತು ಬಿಸಿಲು ಕಾಯಿಸಿಕೊಂಡರು. ನಾನು ಚಹಾ ಕೊಟ್ಟೆ.

"ನಮ್ಮ ಗಿರಣಿ ಓಡಿದ್ರ ಹಿಟ್ಟರೇ ಬೀಳ್ತದ್ರಿ ಟೀಚರ," ಎಂದರು ಮೆಲ್ಲಗೆ. "ಈಕೀದು ಬರೇ ಓಡೂದೇ ಕೇಳ್ತದ. ಹಿಟ್ಟು ಕಾಣವಲ್ದು. ಈ ಸಲನೂ ಹ್ವಾದ್ರ ಹುಡುಗಿ ತಡಕೊಳ್ಳೂದಿಲ್ರಿ."

ಅಂದಿನಿಂದ ನಾನೂ ಒಳಗೊಳಗೇ ಹೆದರಿದೆ. ಬೈಯುವುದನ್ನು ಮಾತ್ರ ಬಿಡಲಿಲ್ಲ, ಅದು ನನ್ನಿಂದ ಆಗುವುದೂ ಇಲ್ಲ.

ಒಪ್ಪಿಸುವ ಗುರುವಾರಕ್ಕೆ ನಾಲ್ಕು ದಿನ ಉಳಿದಿತ್ತು. ಭಾನುವಾರ ಬೆಳಿಗ್ಗೆ ಸುವರ್ಣಾ ತಾನಾಗಿಯೇ ಕೆಳಗೆ ಬಂದು ನನ್ನ ಕೈ ಹಿಡಿದೆಳೆದಳು. ಮುಖದಲ್ಲಿ ಮೊದಲ ಸಲ ನಗು.

"ಮುಗೀತ್ರಿ ಅಕ್ಕಾ! ಕಡೀಕ ಹೆಸರು ಬರ್ದೀನಿ. ಒತ್ತು, ದೀರ್ಘ ತಪ್ಪಿದ್ರ ಹೇಳ್ರಿ. ನೀವೇ ಮೊದಲ ನೋಡೂದು."

ಮೇಲೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತೆ. ನಮ್ಮ ದಾದಿ! ಅದೇ ಸೆರಗು, ಅದೇ ಬಾಗಿದ ಬೆನ್ನು, ಅದೇ ಕೋಲು. ಭಾಲ್ಕಿ ಸ್ಟೇಷನ್ನಿನ ಬೆಂಚಿನ ಮೇಲೆ ಮಡಿಲಲ್ಲಿ ಪೇರಲಹಣ್ಣು ಇಟ್ಟುಕೊಂಡು ಕೂತಿದ್ದಾಳೆ. ಕೈಯಲ್ಲಿ ಮೊಬೈಲು ಬೇರೆ. ಹಿಂದೆ ಅವಳದೇ ದನಿ: "ಪರಸೋಂ ಆಪಾನ್ನ ಬಿಡಲಾಕ ಭಾಲ್ಕಿ ಟೇಸನಿಗಿ ಹೋಗಿದ್ದೆ, ಬೇಟಿ. ಪರಸೋಂ ಬರ್ತೀನಿ, ಅಳಬ್ಯಾಡ ಅಂದಳು ಆಪಾ. ನಾ ಪೇರಲಹಣ್ಣು ತಗೊಂಡು ಹೋಗಿ ನಿಂತೆ. ಗಾಡಿ ಬಂತು..."

ಅಲ್ಲಿಗೆ ದನಿ ನಿಂತಿತು. ಚಿತ್ರ ನಿಲ್ಲಲಿಲ್ಲ. ನೀಲಿ ಡಬ್ಬಿಗಳ ಗಾಡಿ ಬಂತು. ದಾದಿ ಹಣ್ಣು ಹಿಡಿದು ಎದ್ದು ನಿಂತಳು, ಈಗ ನಮಗೆ ಅವಳ ಬೆನ್ನು ಮಾತ್ರ ಕಾಣುತ್ತದೆ. ಗಾಡಿಯಿಂದ ಬೆಳ್ಳಗಿನ ತಲೆಯ ಇನ್ನೊಬ್ಬ ಮುದುಕಿ ಇಳಿದು, ದಾದಿಯತ್ತ ನಡೆದು ಬಂದು ಎದುರು ನಿಂತಳು. ಮುಗಿಯಿತು.

"ಈ ಮುದಿಕಿ ಯಾರು?" ಎಂದೆ.

"ದಾದಿಯವರ ಅಕ್ಕರಿ, ಆಪಾ. ಮೊನ್ನಿ ಊರಿಗಿ ಹೋಗಿದ್ರಂತಲ್ಲ, ತಿರುಗಿ ಬಂದ್ರು. ಯಾಕ್ರಿ, ಚಂದ ಆಗಿಲ್ಲೇನು?"

"ಮೊನ್ನಿ ಅಂತ ಯಾರಂದ್ರು ನಿನಗ?"

"ಪರಸೋಂ ಅಂದ್ರ ಮೊನ್ನೀನೇ ಅಲ್ರಿ?"

ಯಾ ಅಲ್ಲಾ! ಬೀದರದ ನಮ್ಮ ಮಾತಿನಲ್ಲಿ ಪರಸೋಂ ಎಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಮುದುಕರ ಬಾಯಿಗೆ ಬಂದರೆ ಹೋದ ವರ್ಷವೂ ಪರಸೋಂ, ನಿಜಾಮನ ಕಾಲವೂ ಪರಸೋಂ. ದಾದಿ ತನ್ನ ನಿಕಾಹ್ ಆದದ್ದನ್ನೂ ಪರಸೋಂ ಎನ್ನುತ್ತಾಳೆ. ಆಪಾ ಗಾಡಿ ಹತ್ತಿದಾಗ ದಾದಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಭಾಲ್ಕಿಯ ತವರಿಗೆ ಬಂದಿದ್ದ ಆಪಾ ಗಂಡನ ಊರಾದ ಪರಳಿಗೆ ಹೋದಳು, ಮೊದಲ ಹೆರಿಗೆಯಲ್ಲೇ ತೀರಿಕೊಂಡಳು. ಸಣ್ಣ ಹುಡುಗಿಗೆ ಏಕೆ ಹೇಳುವುದೆಂದು ಮನೆಯವರು ಬಾಯಿ ಕಟ್ಟಿಕೊಂಡರು. ಹುಡುಗಿ ಗಾಡಿ ಬಂದಾಗೊಮ್ಮೆ ಪೇರಲಹಣ್ಣು ಹಿಡಿದು ಸ್ಟೇಷನ್ನಿಗೆ ಓಡುತ್ತಿದ್ದಳು. ಹಣ್ಣು ಕೊಳೆತರೆ ಬೇರೆ ಹಣ್ಣು ಹಿಡಿದು ಓಡುತ್ತಿದ್ದಳು. ದೊಡ್ಡವಳಾದ ಮೇಲೆ ನಿಜ ತಿಳಿಯಿತು, ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ದಾದಿಯ ಮುಂದೆ ಆ ಮಾತು ಎತ್ತುವುದಿಲ್ಲ.

ಇಷ್ಟನ್ನೂ ಒಂದೇ ಉಸಿರಿಗೆ ಒದರಿದೆ. ಸುವರ್ಣಾ ಗೋಡೆಗೆ ಆತು ಕೂತುಬಿಟ್ಟಳು.

"ಪೂರಾ ಕತಿ ಯಾಕ ಕೇಳಲಿಲ್ಲ ನೀನು?" ಎಂದೆ.

"ಗಾಡಿ ಬಂತು ಅಂದ್ರಲ್ರಿ, ಅಷ್ಟೊತ್ತಿಗಿ ಅಲಾರಾಂ ಹೊಡೀತು. ದನಿ ತಗೊಳ್ಳೂ ಟೈಮ್ ಮುಗಿದಿತ್ತು. ಗಾಡಿ ಬಂತಂದ್ರ ಆಪಾನೂ ಬಂದಂಗೇ ಅಂತ ತಿಳ್ಕೊಂಡು, ನಾ ಎದ್ದು ಬಂದುಬಿಟ್ಟೆ. ಕಡೀಕ ದನಿ ಇರಲಿಲ್ಲಂತ ಬೆನ್ನು ತೋರ್ಸೀನಿ, ಬಾಯಿ ಬಿಡಸೂದು ಬ್ಯಾಡಂತ."

ಎದ್ದು ಎರಡು ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಹುಡುಗಿಯ ಬೆರಳುಗಳು ಕಣ್ಣಿಗೆ ಬಿದ್ದವು, ಪೆನ್ನು ಹಿಡಿದು ಹಿಡಿದು ಗಂಟು ಕಟ್ಟಿದ ಬೆರಳು. ದಾದಿಯನ್ನು ಸಣ್ಣ ಹುಡುಗಿ ಮಾಡಿ ಮೊದಲಿನಿಂದ ಬಿಡಿಸಬೇಕೆಂದರೆ ಇನ್ನೊಂದು ವರ್ಷ ಬೇಕು. ಗಾಡಿ ಬರುವುದನ್ನು ಕತ್ತರಿಸಿದರೆ ಕತೆಗೆ ತಲೆಬಾಲವಿಲ್ಲ. ಹೀಗೇ ಒಪ್ಪಿಸಿದರೆ ಪಾಸಾದಾಳು. ಆದರೆ ಸತ್ತವಳನ್ನು ಗಾಡಿಯಿಂದಿಳಿಸಿದ ಸಿನಿಮಾ ಎಂದಾದರೂ ದಾದಿಯ ಕಣ್ಣಿಗೆ ಬಿದ್ದರೆ?

"ತೆಗಿ ಅದನ್ನ," ಎಂದೆ. "ಬೇಕಾದ್ರ ಫೇಲಾಗು."

"ಆಗ್ತೀನ್ರಿ," ಎಂದಳು. ಆ ಮಾತನ್ನು ಅವಳು ಅಷ್ಟು ಬೇಗ ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ.

ಅಷ್ಟರಲ್ಲಿ ಕೆಳಗಿಂದ ಕೋಲು ಕುಟ್ಟಿದ ಸದ್ದು. "ಅಂಬರೀನ! ಮ್ಯಾಗ ಯಾರು ನನ್ನಂಗ ಮಾತಾಡ್ಲತ್ತಾರ? ನಾ ಇಲ್ಲೇ ಇದ್ದೀನಲ್ಲ!"

ನಾನು ಏನೂ ಇಲ್ಲವೆಂದು ಕೂಗಬೇಕೆನ್ನುವಷ್ಟರಲ್ಲಿ ಸುವರ್ಣಾ ಲ್ಯಾಪ್‌ಟಾಪ್ ಎತ್ತಿಕೊಂಡು ಇಳಿದುಬಿಟ್ಟಳು. ಹಿಂದೆ ಓಡಿದೆ, ಕಣ್ಣಲ್ಲೇ ಬೇಡವೆಂದೆ. ಅವಳು ಮಂಚದ ಮೇಲೆ ಅದನ್ನಿಟ್ಟು ನೆಲದ ಮೇಲೆ ಕೂತಳು. "ದಾದಿ, ನನ್ನಿಂದ ಒಂದು ತಪ್ಪಾಗ್ಯದ್ರಿ. ನೋಡಿ ಬೈಯ್ರಿ," ಎಂದಳು.

ದಾದಿ ಕನ್ನಡಕ ಹಾಕಿಕೊಂಡಳು. ತನ್ನನ್ನು ಕಂಡು ಬೊಚ್ಚುಬಾಯಿ ಬಿಟ್ಟು ನಕ್ಕಳು. "ಹಾಯ್ ಹಾಯ್, ನನಗೂ ಮೊಬೈಲ್ ಕೊಟ್ಟಾಳ!" ಆಮೇಲೆ ಗಾಡಿ ಬಂತು. ಬೆಳ್ಳಗಿನ ತಲೆಯವಳು ಇಳಿದಳು. ನಾನು ದಾದಿಯ ಭುಜ ಹಿಡಿದುಕೊಂಡೆ.

ದಾದಿ ಪರದೆಯ ಹತ್ತಿರ ಬಾಗಿದಳು. "ಆಪಾಂದೂ ತಲಿ ಬೆಳ್ಳಗಾಗ್ಯಾದ," ಎಂದಳು.

ಸುವರ್ಣಾ ಬಿಕ್ಕಿದಳು. ದಾದಿ ಅವಳತ್ತ ನೋಡಲೇ ಇಲ್ಲ, ಬೆರಳನ್ನು ಪರದೆಗೆ ಚುಚ್ಚಿದಳು. "ಆಪಾ ಎದುರಿಗಿ ನಿಂತಾಳ. ನಾ ಯಾಕ ಸುಮ್ಮ ನಿಂತೀನಿ?"

"ನಿಮ್ಮ ದನಿ ನನ್ನ ಕಡಿ ಇಲ್ರಿ, ದಾದಿ. ಅವತ್ತ ಅರ್ಧಕ್ಕ ಎದ್ದು ಹ್ವಾದೆ."

"ಮತ್ತ ಈಗ ತಗೋ."

ಸುವರ್ಣಾ ಮೊಬೈಲ್ ಕೈಗೆತ್ತಿಕೊಂಡಳು. ಮೊದಲು ಅಲಾರಾಂಗಳನ್ನು ಒಂದೊಂದಾಗಿ ಆರಿಸಿದಳು. ಆಮೇಲೆ ರೆಕಾರ್ಡ್ ಒತ್ತಿ ದಾದಿಯ ಬಾಯ ಬಳಿ ಹಿಡಿದಳು. ದಾದಿ ಸೆರಗು ಸರಿಮಾಡಿಕೊಂಡು, ಪರದೆಯ ಮೇಲಿನವಳನ್ನು ದಿಟ್ಟಿಸಿ, ಚಿಕ್ಕಂದಿನಲ್ಲಿ ನನ್ನನ್ನು ಬೈಯುತ್ತಿದ್ದ ದನಿಯಲ್ಲಿ ಹೇಳಿದಳು: "ಪರಸೋಂ ಬರ್ತೀನಿ ಅಂದು ಹೋದಿ. ಗಾಡಿ ಬಂದಾಗೊಮ್ಮಿ ಬಂದು ನಿಂತೀನಿ. ಇದೇ ಏನ, ಆಪಾ, ನಿನ್ನ ಪರಸೋಂ?"

ಸುವರ್ಣಾ ರೆಕಾರ್ಡ್ ನಿಲ್ಲಿಸಲಿಲ್ಲ, ಹಾಗೇ ಹಿಡಿದು ಕೂತಳು. ದಾದಿಯೇ ಮತ್ತೆ ಪರದೆಗೆ ಬಾಗಿದಳು.

"ಹಣ್ಣು ಇನ್ನಾ ನನ್ನ ಕೈಯಾಗೇ ಅವಲ್ಲ, ಬೇಟಿ. ಆಕಿಗಿ ಕೊಡಿಸು. ಅಷ್ಟು ದೂರದಿಂದ ಬಂದಾಳ. ಮೊದಲ ತಿನ್ಲಿ. ಆಮ್ಯಾಲ ಬೈತೀನಿ."

ಸುವರ್ಣಾ ಮೇಲೆ ಹೋಗಿ ಗೋಡೆಯ ಕಾಗದಗಳನ್ನೆಲ್ಲ ಹರಿದಳು. ಉಳಿದ ದಿನಗಳಲ್ಲಿ ಅವಳು ಬಿಡಿಸಿದ್ದು ಎರಡು ಮುದಿ ಕೈಗಳನ್ನು ಮಾತ್ರ. ಒಂದು ಕೊಡುವ ಕೈ, ಒಂದು ತೆಗೆದುಕೊಳ್ಳುವ ಕೈ, ಆ ಕೈಯಲ್ಲಿ ತುತ್ತುತುತ್ತಾಗಿ ಕಡಿಮೆಯಾಗುವ ಹಣ್ಣು. ಬುಧವಾರ ನಾನು ರಜೆ ಹಾಕಿ ಚಹಾ ಮಾಡಿಕೊಟ್ಟೆ. ಕೊನೆಯ ಹೆಸರುಗಳಲ್ಲಿ ಎರಡು ಒತ್ತು ತಪ್ಪಿದ್ದವು, ತಿದ್ದಿಸಿದೆ. ಗುರುವಾರ ಸುವರ್ಣಾ ಒಪ್ಪಿಸಿ ಬಂದು, ದಾದಿಯ ಮಂಚದ ಪಕ್ಕದಲ್ಲೇ ನೆಲದ ಮೇಲೆ ಮಲಗಿ ನಿದ್ದೆ ಹೋದಳು.

ಸಿನಿಮಾದಲ್ಲಿ ಈಗ ಆಪಾ ಮೊದಲು ಹಣ್ಣು ತಿನ್ನುತ್ತಾಳೆ. ಪೂರ್ತಿ ತಿಂದು ಮುಗಿಸುವವರೆಗೆ ದಾದಿ ಕಾಯುತ್ತಾಳೆ. ಆಮೇಲೆ ಬೈಯುತ್ತಾಳೆ.