ಹದಿನೇಳು ಗೀಟುಗಳು

ಆ ಶಾಲೆಯಲ್ಲಿ ಆಯಮ್ಮನಿಗೆ ಇಪ್ಪತ್ತೆರಡು ವರ್ಷ ಸರ್ವಿಸ್. ನೆಲ ಒರೆಸುವುದು, ಗಂಟೆ ಹೊಡೆಯುವುದು, ಮೊಣಕಾಲು ತರಚಿಕೊಂಡು ಬಂದ ಮಕ್ಕಳಿಗೆ ಮುಲಾಮು ಹಚ್ಚುವುದು, ಎಲ್ಲ ಅವಳದೇ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ಅವಳ ರಾಜ್ಯ: ಎರಡು ಬಕೆಟ್ಟು, ಫಿನೈಲ್ ಕ್ಯಾನು, ಮಕ್ಕಳು ಮರೆತುಹೋದ ಸ್ವೆಟರುಗಳ ಗುಡ್ಡೆ, ಒಂದು ಸ್ಟೂಲು. ಹೆಡ್ ಮೇಡಂ ಕೂಡ ಬಾಗಿಲು ತಟ್ಟಿಯೇ ಒಳಗೆ ಬರುತ್ತಿದ್ದರು.

ಆ ವರ್ಷ ಎರಡನೇ ಕ್ಲಾಸಿಗೆ ಒಬ್ಬ ಹುಡುಗಿ ಸೇರಿದಳು. ಟೀಚರುಗಳು ತಮ್ಮತಮ್ಮಲ್ಲೇ ಅವಳಿಗೆ ಪಟಾಕಿ ಎಂದು ಹೆಸರಿಟ್ಟರು. ಸುಮ್ಮನೆ ಕೂತಿದ್ದವಳು ಇದ್ದಕ್ಕಿದ್ದಂತೆ ಕಿವಿ ಗಡಚಿಕ್ಕುವಂತೆ ಕಿರುಚುತ್ತಿದ್ದಳು. ಪೆನ್ಸಿಲ್ ಬಾಕ್ಸ್ ಹಾರುತ್ತಿತ್ತು, ಪಕ್ಕದವಳ ಪುಸ್ತಕ ಹರಿಯುತ್ತಿತ್ತು. ಕ್ಲಾಸ್ ಟೀಚರಿಗೆ ಸಾಕುಸಾಕಾಗಿ, "ಆಯಮ್ಮಾ, ಇವಳನ್ನ ಕರ್ಕೊಂಡು ಹೋಗಿ!" ಎಂದು ಕೂಗುತ್ತಿದ್ದರು. ಆಯಮ್ಮ ಕೋಣೆಗೆ ಕರೆದೊಯ್ದು, ಸ್ಟೂಲಿನ ಮೇಲೆ ಕೂರಿಸಿ, ಕೆದರಿದ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದಳು. ಹತ್ತು ನಿಮಿಷದಲ್ಲಿ ಹುಡುಗಿ ಬೆಣ್ಣೆ. "ಆಯಮ್ಮನ ಕೈಗುಣ" ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡರು. ಅದು ಕಿವಿಗೆ ಬಿದ್ದ ದಿನ ಆಯಮ್ಮ ಕಾರಿಡಾರನ್ನು ಎರಡು ಸಲ ಒರೆಸಿದಳು.

ಆದರೆ ಕಿರುಚಾಟ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹೆಡ್ ಮೇಡಂ ಒಬ್ಬ ತಜ್ಞೆಯನ್ನು ಕರೆಸಿದರು. ಮಕ್ಕಳ ನಡವಳಿಕೆ ಗಮನಿಸಿ, ಅದರ ಕಾರಣ ಹುಡುಕುವುದು ಅವಳ ಕೆಲಸ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಎರಡು ವಾರ ಹಿಂದಿನ ಬೆಂಚಿನಲ್ಲಿ ಕೂತು, ಮಾತಿಲ್ಲ ಕತೆಯಿಲ್ಲ, ಹಾಳೆಯ ಮೇಲೆ ಗೀಟು ಎಳೆದದ್ದೇ ಎಳೆದದ್ದು. ಮಕ್ಕಳು ಗೀಟು ಮೇಡಂ ಎಂದು ಕರೆದರು, ಅದೇ ಹೆಸರು ನಿಂತಿತು.

ಮೀಟಿಂಗಿಗೆ ಆಯಮ್ಮನಿಗೂ ಕರೆ ಬಂತು. ಸ್ಟಾಫ್ ರೂಮಿನ ಕುರ್ಚಿಗಳನ್ನು ಅಷ್ಟು ವರ್ಷ ಒರೆಸಿದ್ದಳೇ ಹೊರತು ಕೂತಿರಲಿಲ್ಲ. ಒಂದರ ಅಂಚಿನಲ್ಲಿ ಕೂತಳು. ನಾಲ್ಕು ಒಳ್ಳೆ ಮಾತು ಹೇಳುತ್ತಾರೇನೋ ಅಂದುಕೊಂಡಿದ್ದಳು.

"ಎರಡು ವಾರದಲ್ಲಿ ಹದಿನೇಳು ಸಲ ಕಿರುಚಿದ್ದಾಳೆ," ಎಂದಳು ಗೀಟು ಮೇಡಂ. "ಕಿರುಚೋಕೆ ಮುಂಚೆ ನಡೆದಿದ್ದು ಒಂದೊಂದು ಸಲ ಒಂದೊಂದು ಥರ. ಲೆಕ್ಕ, ಹಾಡು, ಸುಮ್ಮನೆ ಕೂತಿದ್ದು. ಆಮೇಲೆ ನಡೆದಿದ್ದು ಮಾತ್ರ ಹದಿನೇಳು ಸಲವೂ ಒಂದೇ. ಆಯಮ್ಮ ಬಂದು ಕರ್ಕೊಂಡು ಹೋಗಿದ್ದಾರೆ."

"ನಾನು ಬರಬಾರದಿತ್ತಾ?" ಎಂದಳು ಆಯಮ್ಮ.

"ಕಿರುಚಿದ್ರೆ ನೀವು ಸಿಗ್ತೀರಿ ಅಂತ ಅವಳಿಗೆ ಗೊತ್ತಾಗಿದೆ ಆಯಮ್ಮ. ಅದಕ್ಕೇ ಕಿರುಚ್ತಾಳೆ."

ಕೆನ್ನೆಗೆ ಬಾರಿಸಿದಂತಾಯಿತು. ಆಯಮ್ಮ ಕೇಳಿದಳು: "ಅಂದ್ರೆ ಮಗೂನ ಹಾಳು ಮಾಡಿದ್ದು ನಾನೇನಾ?"

"ಅಯ್ಯೋ, ಹಾಗಲ್ಲ. ಮನೇಲಿ ಅವಳಿ ಕೂಸುಗಳು ಹುಟ್ಟಿವೆ. ಅವಳಮ್ಮನ ಹತ್ರ ಮಾತಾಡಿದೆ, ಯಾರ ಕೈಗೂ ಬಿಡುವಿಲ್ಲ. ನಿಮ್ಮ ಕೈ ಅವಳಿಗೆ ಬೇಕೇ ಬೇಕು. ಆದ್ರೆ ಕಿರುಚಿದ ಮೇಲಲ್ಲ, ಕಿರುಚೋ ಮೊದಲೇ ಸಿಗಬೇಕು."

ಮೀಟಿಂಗಿನಲ್ಲಿ ಹೀಗೆ ತೀರ್ಮಾನವಾಯಿತು: ದಿನಾ ಬೆಳಿಗ್ಗೆ ಹುಡುಗಿ ಬಂದ ಕೂಡಲೇ ಹತ್ತು ನಿಮಿಷ ಆಯಮ್ಮನ ಹತ್ತಿರ. ಜೊತೆಗೆ ಎರಡು ಹಳದಿ ಕಾರ್ಡು. ಬೇಕೆನಿಸಿದಾಗ ಒಂದನ್ನು ಟೀಚರ ಮೇಜಿನ ಮೇಲಿಟ್ಟು ಕೆಳಗೆ ಹೋಗಬಹುದು. ಕಿರುಚಿದರೆ ಟೀಚರ್ ಪಕ್ಕದಲ್ಲಿರುತ್ತಾರೆ, ಆಯಮ್ಮ ಬರುವುದಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಆಯಮ್ಮ ಇದನ್ನೆಲ್ಲ ಮಗಳಿಗೆ ಹೇಳಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬಿದ್ದುಬಿದ್ದು ನಕ್ಕಳು. "ಈ ಗುಟ್ಟು ಗೊತ್ತಿದ್ದಿದ್ರೆ ನಾನೂ ಕಿರುಚ್ತಿದ್ದೆ ಕಣಮ್ಮ! ನೀನು ಆರು ಗಂಟೆಗೇ ಶಾಲೆಗೆ ಓಡ್ತಿದ್ದೆ. ನಾನು ಕನ್ನಡಿ ನೋಡ್ಕೊಂಡು ಜಡೆ ಹಾಕೋದು ಕಲ್ತೆ."

ತಮಾಷೆಗೆ ಅಂದದ್ದು. ಆಯಮ್ಮನ ತುತ್ತು ಕೈಯಲ್ಲೇ ಉಳಿಯಿತು.

"ಯಾಕೇ ಹೇಳ್ಲಿಲ್ಲ?"

"ನೀನು ಸುಸ್ತಾಗಿ ಬರ್ತಿದ್ದೆ. ಏನಂತ ಹೇಳ್ಲಿ?" ಮಗಳ ನಗು ನಿಂತಿತ್ತು.

ಮೂರನೇ ದಿನ ಪಟಾಕಿ ಸಿಡಿಯಿತು. ಕಾರ್ಡುಗಳನ್ನು ಹರಿದು ಎಸೆದು, "ಆಯಮ್ಮಾ!" ಎಂದು ಅರಚಿದಳು. ಅಷ್ಟು ದಿನ ಆ ಕಿರುಚಾಟದಲ್ಲಿ ಹೆಸರೇ ಇರಲಿಲ್ಲ. ಕೆಳಗೆ ಕಾರಿಡಾರಿನಲ್ಲಿದ್ದ ಆಯಮ್ಮ ಪಕ್ಕದಲ್ಲಿ ನಿಂತಿದ್ದ ಗೀಟು ಮೇಡಂ ಕಡೆ ತಿರುಗಿದಳು.

"ಹೋಗ್ಲಾ?"

"ಈಗ ಹೋದ್ರೆ ಇನ್ನೂ ಜೋರಾಗಿ ಕಿರುಚಬೇಕು ಅಂತ ಕಲಿಸಿದಂಗೆ. ಮೊದಮೊದಲು ಹೀಗೆ ಹೆಚ್ಚಾಗುತ್ತೆ. ಅವಳು ಒಂಟಿಯಾಗಿಲ್ಲ, ಟೀಚರ್ ಪಕ್ಕದಲ್ಲೇ ಇದ್ದಾರೆ," ಎಂದಳು ಗೀಟು ಮೇಡಂ. ಹೇಳುವಾಗ ಅವಳ ಪೆನ್ನು ನಡುಗುತ್ತಿತ್ತು. ಅದನ್ನು ನೋಡಿದ ಮೇಲೇ ಆಯಮ್ಮನಿಗೆ ಗೀಟು ಮೇಡಂ ಮೇಲೆ ಸ್ವಲ್ಪ ನಂಬಿಕೆ ಹುಟ್ಟಿದ್ದು. ನಲವತ್ತು ನಿಮಿಷ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಮರುದಿನ ಗೀಟು ಮೇಡಂ ಹುಡುಗಿಗೆ ಎರಡು ಹೊಸ ಕಾರ್ಡು ಮಾಡಿಕೊಟ್ಟಳು.

ಮುಂದಿನ ವಾರ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಟಕಟಕ ಅಂದಿತು. ತೆಗೆದರೆ ಪಟಾಕಿ. ಕಿರುಚಾಟ ಕೇಳಿಸಿರಲೇ ಇಲ್ಲ. ಏನೋ ಅನಾಹುತವಾಯಿತೆಂದು ಆಯಮ್ಮ ಅವಳ ಕೈ, ಮೊಣಕಾಲು ತಿರುಗಿಸಿ ನೋಡಿದಳು.

"ಕಾರ್ಡ್ ಇಟ್ಟು ಬಂದೆ," ಎಂದಳು ಹುಡುಗಿ, ತಾನೇ ಸ್ಟೂಲು ಎಳೆದುಕೊಳ್ಳುತ್ತ.

ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಕಿರುಚಾಟ ವಾರಕ್ಕೊಂದು ಸಲಕ್ಕೆ ಇಳಿಯಿತು, ಆಮೇಲೆ ಅದೂ ಇಲ್ಲ. ಕಾರ್ಡುಗಳೂ ಹುಡುಗಿಯ ಚೀಲದಲ್ಲೇ ಉಳಿಯತೊಡಗಿದವು. ಒಂದು ದಿನ ಬೆಳಗಿನ ಹತ್ತು ನಿಮಿಷಕ್ಕೂ ಅವಳು ಕೋಣೆಗೆ ಬರಲಿಲ್ಲ. ಆಯಮ್ಮ ಬಕೆಟ್ಟಿನ ನೆಪ ಮಾಡಿಕೊಂಡು ಮೇಲೆ ಹೋದಳು. ಕಿಟಕಿಯಲ್ಲಿ ನೋಡಿದರೆ ಹುಡುಗಿ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿ ನಗುತ್ತಿದ್ದಳು. ಈ ಕಡೆ ತಿರುಗಲೂ ಇಲ್ಲ.

ಗೀಟು ಮೇಡಂ ಹಿಂದೆ ಬಂದು ನಿಂತಿದ್ದಳು. "ಬೇಜಾರಾಯ್ತಾ ಆಯಮ್ಮ?"

"ಆಯ್ತು. ಸುಳ್ಳು ಯಾಕೆ ಹೇಳ್ಲಿ," ಎಂದು ಆಯಮ್ಮ ಬಕೆಟ್ಟು ಎತ್ತಿಕೊಂಡು ಇಳಿದುಹೋದಳು.