ಸ್ವಾಮಿ ಎದ್ದು ಹೊರಗೆ ಬಂದದ್ದು

ಸದ್ಭಕ್ತರೇ, ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ವಿಷಯ ಸ್ವಲ್ಪ ನಾಚಿಕೆಯದು. ಆದರೆ ಸ್ವಾಮಿಯ ಉಪಕಾರವನ್ನು ಮುಚ್ಚಿಟ್ಟುಕೊಂಡರೆ ನನಗೆ ಅನ್ನ ಸೇರುವುದಿಲ್ಲ.

ಕಳೆದ ಶ್ರಾವಣದಲ್ಲಿ ನಮ್ಮ ಅತ್ತೆಗೆ ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬಿ ವಾಂತಿ ಶುರುವಾಯಿತು. ಸುಂಕದಕಟ್ಟೆಯ ಮನೆಯಿಂದ ಆಟೋದಲ್ಲಿ ರಾಜಾಜಿನಗರದ ಆಸ್ಪತ್ರೆಗೆ ಕರೆದೊಯ್ದೆವು. ಕರುಳು ತಿರುಚಿಕೊಂಡಿದೆ, ಈಗಲೇ ಆಪರೇಷನ್ ಆಗಬೇಕು ಎಂದರು. ಬಳೆ, ಮೂಗುಬೊಟ್ಟು ಬಿಚ್ಚಿ ನನ್ನ ಕೈಗೆ ಕೊಡುವಾಗ ಅತ್ತೆ ಕೇಳಿದ್ದು ಒಂದೇ: ಮನೆದೇವರು ರಂಗನಾಥಸ್ವಾಮಿಯ ಪಟ ಕಣ್ಣೆದುರಿಗೆ ಇರಬೇಕು. ಮರುದಿನ ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ತಂದು, ಮಂಚದ ಪಕ್ಕದ ಮೇಜಿನ ಮೇಲಿಟ್ಟೆ.

ಆಪರೇಷನ್ ಚೆನ್ನಾಗಿಯೇ ಆಗಿತ್ತು. ಕಷ್ಟ ಶುರುವಾದದ್ದು ಆಮೇಲೆ. ಹೂಸು ಹೋಗುವವರೆಗೆ ನೀರು ಕೂಡ ಕೊಡುವಂತಿಲ್ಲ. ಅದು ಹೋದರೇನೇ ಕರುಳು ಕೆಲಸ ಶುರು ಮಾಡಿದೆ ಎಂದು ಗೊತ್ತಾಗುವುದಂತೆ. ಮೂಗಿನಲ್ಲಿ ನಳಿಕೆ, ಒಣಗಿದ ತುಟಿಗೆ ಒದ್ದೆ ಹತ್ತಿ. ನರ್ಸ್ ಹೇಳಿಕೊಟ್ಟಂತೆ ಮಗ್ಗುಲು ಬದಲಿಸಿದೆ, ಕೈ ಹಿಡಿದು ಮಂಚದ ಸುತ್ತ ನಡೆಸಿದೆ. ಡಾಕ್ಟರು ದಿನಾ ಬಂದು ಗ್ಯಾಸ್ ಹೋಯಿತೇ ಎಂದು ಕೇಳುವರು, ಅತ್ತೆ ಮುಖ ಗೋಡೆಗೆ ತಿರುಗಿಸಿ ಇಲ್ಲವೆನ್ನುವರು. ಒಂದು ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಇವತ್ತೂ ಆಗದಿದ್ದರೆ ಸ್ಕ್ಯಾನ್ ಮಾಡಿಸಬೇಕು, ಮತ್ತೆ ಹೊಟ್ಟೆ ತೆರೆಯಬೇಕಾಗಬಹುದು ಎಂದರು.

ಆ ವಯಸ್ಸಿಗೆ ಇನ್ನೊಂದು ಆಪರೇಷನ್ ತಡೆದುಕೊಳ್ಳುತ್ತಾರೆಯೇ? ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಮಕ್ಕಳ ಓದು, ಮನೆ, ಕೆಲಸ ಎಂದು ಸ್ವಾಮಿಯನ್ನು ಏನೇನೋ ಬೇಡಿದವಳು ನಾನು. ಅಂದು ಕೈಮುಗಿದು ಬೇಡಿದ್ದು ಒಂದು ಹೂಸು. ನಗಬೇಡಿ. ಅಷ್ಟು ಮನಸಾರೆ ನಾನು ಎಂದೂ ಏನನ್ನೂ ಬೇಡಿರಲಿಲ್ಲ.

ಒಳಗೆ ಬಂದರೆ ಅತ್ತೆ ಸನ್ನೆ ಮಾಡಿ ಹತ್ತಿರ ಕರೆದರು.

"ಸ್ವಾಮಿನ ಒಂಚೂರು ಆಚೆ ಕರ್ಕೊಂಡು ಹೋಗೇ."

ಬದುಕುವ ಆಸೆಯನ್ನೇ ಬಿಟ್ಟರೇನೋ ಎಂದು ಹೆದರಿ, ಯಾಕೆಂದು ಕೇಳಿದೆ.

"ಎದುರಿಗೇ ಕೂತವ್ನಲ್ಲೇ, ಹೆಂಗೆ ಬಿಡ್ಲಿ? ನೆನ್ನೆಯಿಂದ ತಡ್ಕೊಂಡಿವ್ನಿ."

ದೇವರ ಕೋಣೆಯ ಕಡೆ ಒಂದು ದಿನವೂ ಕಾಲು ಚಾಚಿ ಕೂತ ಜೀವವಲ್ಲ ಅದು. ಪಟ ಎತ್ತಿಕೊಂಡು ವರಾಂಡಕ್ಕೆ ಓಡಿದೆ. ಸ್ವಲ್ಪ ಹೊತ್ತಿಗೆ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ ಬಂದು, "ಆಯ್ತು ಅಕ್ಕ, ಬನ್ನಿ" ಎಂದಳು. ಒಳಗೆ ಅಕ್ಕಪಕ್ಕದ ಮಂಚದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಸಂಜೆ ಚಮಚದಲ್ಲಿ ನೀರು ಕೊಡಬಹುದು ಎಂದರು ಡಾಕ್ಟರು. ಅದನ್ನು ಕುಡಿಸುವಾಗ ಆದ ಸಂತೋಷ, ನನ್ನ ಮಕ್ಕಳಿಗೆ ಮೊದಲ ತುತ್ತು ಉಣಿಸಿದಾಗಲೂ ಆಗಿರಲಿಲ್ಲ.

ಔಷಧಿಯಿಂದ ಆಯಿತು, ನಡೆಸಿದ್ದರಿಂದ ಆಯಿತು ಎನ್ನುವವರಿದ್ದಾರೆ. ಇರಬಹುದು, ಡಾಕ್ಟರಿಗೂ ನರ್ಸಮ್ಮನಿಗೂ ನನ್ನ ನಮಸ್ಕಾರ. ಆದರೆ ನಾನು ಮೆಟ್ಟಿಲ ಮೇಲೆ ಬೇಡುತ್ತಿದ್ದ ಹೊತ್ತಿನಲ್ಲೇ, ಅಂಥ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯವನ್ನು ಅತ್ತೆಗೆ ಕೊಟ್ಟವರು ಯಾರು? ಭಕ್ತೆಯ ಸಂಕೋಚ ನೋಡಲಾರದೆ ಸ್ವಾಮಿಯೇ ಎದ್ದು ಹೊರಗೆ ಬಂದ ಎಂದೇ ನಾನು ನಂಬಿದ್ದೇನೆ.

ಈಗ ಅತ್ತೆ ಮುದ್ದೆ ಉಣ್ಣುತ್ತಾರೆ, ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗುತ್ತಾರೆ. ಕೇಳಲು ಹಿತವಾಗಿದೆ. ನಿಮ್ಮ ಮನೆಯಲ್ಲೂ ಕಾಯಿಲೆ ಬಿದ್ದವರಿದ್ದರೆ, ಬೇಕಾದ್ದನ್ನು ಹೆಸರಿಟ್ಟೇ ಬೇಡಿ. ನಾಚಿಕೊಳ್ಳುವವರು ನಾವು; ಅವನಲ್ಲ.